ಬಲಗಡೆಯಿಂದ ಓದುವ ರಕ್ಕಸರು

ಅಗ್ಗದ ಕಾಗದಕ್ಕೆ ಅಚ್ಚಿನ ಮಸಿ ಹಿಡಿದ ವಾಸನೆ ನಿಮಗೂ ನೆನಪಿರಬೇಕು. ಅರಸೀಕೆರೆಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಈಗ ಅದೇ ವಾಸನೆಯ ಪುಸ್ತಕವೊಂದು ಬಿದ್ದಿದೆ. ಜಪಾನಿನ ಚಿತ್ರಕಥೆ, ಮಾಂಗಾ ಅಂತಾರೆ. ಮುಖಪುಟದಲ್ಲಿ ಅರ್ಧ ಮುಖ ಮನುಷ್ಯನದು, ಅರ್ಧ ರಕ್ಕಸನದು. ನನ್ನ ಹೆಂಡತಿ ಅದನ್ನು ಮಗುಚಿಟ್ಟು ಪಕ್ಕದಲ್ಲಿ ಸಾರಿನ ಪಾತ್ರೆ ಇಡುತ್ತಾಳೆ. ಊಟದ ಹೊತ್ತಿಗೆ ಆ ಮುಖ ಬೇಡವಂತೆ. ಅರವತ್ತು ದಾಟಿದವನು ಇಂಥದ್ದನ್ನು ಓದುತ್ತಾನಾ ಅಂತ ನಗಬೇಡಿ. ಅದಕ್ಕೊಂದು ಕಾರಣವಿದೆ, ಹೇಳುತ್ತೇನೆ.

ಹೋದ ವರ್ಷ ಹಳೇಬೀಡಿನಿಂದ ನನ್ನ ಕೊನೇ ತಂಗಿ ಸುಧಾ ಫೋನು ಮಾಡಿದ್ದಳು. ಅವಳ ಗಂಡ ಮಂಜಣ್ಣ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಪಿಯುಸಿ ಓದುವ ಮಗಳು ನವ್ಯ ಅಪ್ಪ ಹೋದ ಮೇಲೆ ಮಾತು ಕಮ್ಮಿ ಮಾಡಿದ್ದಳು, ಅತ್ತಿರಲೂ ಇಲ್ಲ. ಕಾಲೇಜು ಬಿಟ್ಟು ಬಂದರೆ ಈ ರಕ್ಕಸರ ಪುಸ್ತಕ. ಪುಟ ತೆರೆದರೆ ಕೈಕಾಲು ಹಾರುವುದು, ಬಾಯಿ ತುಂಬ ಹಲ್ಲಿನ ಭೂತ. ಸಾವಾದ ಮನೆಯಲ್ಲಿ ಇಂಥದ್ದು ಇರಬಾರದು, ನೀರೊಲೆಗೆ ಹಾಕಿಬಿಡುತ್ತೇನೆ, ಅದಕ್ಕೆ ಮುಂಚೆ ನೀನೊಂದು ಸಲ ಬಂದು ಬುದ್ಧಿ ಹೇಳು ಅಂದಳು. ಬುದ್ಧಿ ಹೇಳುವ ಕೆಲಸಕ್ಕೆ ಕರೆದರೆ ನಾನು ಬಸ್ಸು ಕಾಯುವವನಲ್ಲ. ಹಳೇಬೀಡಿನ ದಾರಿಯಲ್ಲಿ ಜಾವಗಲ್ ಕಡೆ ಹೊರಟಿದ್ದ ಟೆಂಪೋ ಹತ್ತಿದೆ.

ನವ್ಯ ಕೇಳಿದ ತಕ್ಷಣ ಪುಸ್ತಕ ಕೊಟ್ಟಳು. ಕನ್ನಡಕ ಏರಿಸಿ ಶುರು ಮಾಡಿದೆ. ಮೊದಲ ಪುಟದಲ್ಲೇ ನಾಯಕ ರಕ್ತದ ಮಡುವಿನಲ್ಲಿ ಬಿದ್ದಿದ್ದ. ಮುಂದಿನ ಪುಟದಲ್ಲಿ ಎದ್ದು ಹೊಡೆದಾಡುತ್ತಿದ್ದ. ಆಮೇಲೆ ನೋಡಿದರೆ ಗೆಳೆಯನ ಜೊತೆ ಕೂತು ಆರಾಮಾಗಿ ಉಣ್ಣುತ್ತಿದ್ದ. ತಲೆಬುಡ ಇಲ್ಲದ ಇದೂ ಒಂದು ಕಥೆಯಾ ಅಂತ ಭಾಷಣ ಆರಂಭಿಸಿದೆ. ನವ್ಯ ನನ್ನ ಕೈಯನ್ನೇ ನೋಡಿದಳು, ತುಟಿ ಕಚ್ಚಿದಳು, ಕೊನೆಗೆ ತಡೆಯಲಾರದೆ ನಕ್ಕುಬಿಟ್ಟಳು.

"ಮಾವ, ನೀವು ಕೊನೆಯಿಂದ ಓದ್ತಿದೀರ. ಇದನ್ನ ಬಲಗಡೆಯಿಂದ ಓದ್ಬೇಕು."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಆ ನಗು ಕೇಳಿ ಸುಧಾಗೆ ಎಷ್ಟು ಕಾಲವಾಗಿತ್ತೋ.

ಬಲಗಡೆಯಿಂದ ಅಂದಕೂಡಲೇ ನನಗೆ ದೊಡ್ಡಮ್ಮ ನೆನಪಾದಳು. ಅಪ್ಪನ ಅಣ್ಣನ ಹೆಂಡತಿ, ಹಾರನಹಳ್ಳಿಯವಳು. ನಾನು ಮಾತು ಕಲಿತದ್ದೇ ಅವಳ ಸೊಂಟದ ಮೇಲೆ ಕೂತು. ಹಳೇಬೀಡಿನ ದೇವಸ್ಥಾನಕ್ಕೆ ಹೋದರೆ ನಾವು ಮಕ್ಕಳು ಮೆಟ್ಟಿಲು ಹತ್ತಿದವರೇ ಕಂಡಕಡೆ ಓಡುತ್ತಿದ್ದೆವು. ಅವಳು ಅಂಗಿಯ ಕಾಲರ್ ಹಿಡಿದು ನಿಲ್ಲಿಸುತ್ತಿದ್ದಳು. ಪ್ರದಕ್ಷಿಣೆ ಅಂದಮೇಲೆ ಗೋಡೆ ಬಲಗೈಗೇ ಇರಬೇಕು. ಹಾಗೆ ನಡೆದರೆ ಗೋಡೆಯಲ್ಲಿ ಕೆತ್ತಿದ ಕಲ್ಲಿನ ಯುದ್ಧ ಬಲದಿಂದ ಎಡಕ್ಕೆ ಬಿಚ್ಚಿಕೊಳ್ಳುತ್ತದೆ. ಮೊದಲು ರಥ ಹೊರಡುತ್ತದೆ, ಆಮೇಲೆ ಬಾಣ, ಆಮೇಲೆ ಸಾವು. ಉಲ್ಟಾ ಸುತ್ತಿದವರಿಗೆ ಸತ್ತವನು ಎದ್ದು ಮನೆಗೆ ಹೋಗುತ್ತಾನೆ. ಇಷ್ಟು ಸಲ ಆ ಗೋಡೆ ಸುತ್ತಿದವನು ನವ್ಯಳ ಪುಸ್ತಕವನ್ನು ಉಲ್ಟಾ ಸುತ್ತಿದ್ದೆ.

ಆ ಗೋಡೆಯಲ್ಲಿ ಒಂದು ಕಡೆ ದೇವರು ರಕ್ಕಸನನ್ನು ತೊಡೆಯ ಮೇಲೆ ಕೆಡವಿಕೊಂಡು ಕರುಳು ಬಗೆಯುತ್ತಾನೆ. ಅಲ್ಲಿಗೆ ಬಂದರೆ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ದೊಡ್ಡಮ್ಮ ಒಂದೊಂದೇ ಬೆರಳು ಬಿಡಿಸುತ್ತಿದ್ದಳು. "ನೋಡ್ಲಾ. ನೋಡ್ದೆ ಇದ್ರೆ ಅದು ಮನೆಗಂಟ ಹಿಂದೆನೇ ಬತ್ತೈತೆ." ಅವಳು ಹೇಳುವ ರಕ್ಕಸ ಬರೀ ಕೆಟ್ಟವನಲ್ಲ. ಅವನಿಗೊಬ್ಬಳು ತಾಯಿ, ಒಂದು ಹಸಿವು, ಯಾರೋ ಮಾಡಿದ ಅವಮಾನ ಇರುತ್ತಿತ್ತು. ಅವನು ಬಿದ್ದಾಗ ನಮಗೆ ಸಮಾಧಾನವೂ ಆಗುತ್ತಿತ್ತು, ಅಳುವೂ ಬರುತ್ತಿತ್ತು.

ಪುಸ್ತಕ ತಿರುಗಿಸಿಕೊಂಡು ಓದಿದೆ. ಅಲ್ಲೂ ಅದೇ. ರಕ್ಕಸರನ್ನು ಬೇಟೆಯಾಡುವವನ ಮೈಯೊಳಗೇ ಒಬ್ಬ ರಕ್ಕಸ ಕೂತಿದ್ದಾನೆ. ಅವನ ಬಲ ಬೇಕಾದರೆ ಬದಲಿಗೆ ಏನಾದರೂ ಕೊಡಬೇಕು, ಒಂದು ಕಣ್ಣೋ ಒಂದು ನೆನಪೋ. ಪುಕ್ಕಟೆ ಗೆಲುವು ಇಲ್ಲ. ಪುಟಗಟ್ಟಲೆ ಹೊಡೆದಾಟದ ನಡುವೆ ಮಾತಿಲ್ಲದ ಒಂದು ಚಿತ್ರ: ಖಾಲಿ ಕುರ್ಚಿ. ನನ್ನ ಕೈ ಅಲ್ಲೇ ನಿಂತಿತು. ಹೊಡೆದಾಟದ ಹಿಂದೆ ಕಣ್ಣು ಓಡುವುದೇನೋ ನಿಜ, ಆದರೆ ಓದುವವರನ್ನು ಹಿಡಿದು ಕೂರಿಸುವುದು ಆ ಕುರ್ಚಿ ಅನ್ನಿಸಿತು.

ಇದರಲ್ಲಿ ನಿನಗೇನು ಇಷ್ಟ ಅಂತ ಕೇಳಿದೆ. ಬುದ್ಧಿ ಹೇಳಲು ಹೋದವನು ಶಿಷ್ಯನಾಗಿದ್ದೆ. ನವ್ಯ ಆ ಕುರ್ಚಿಯ ಮೇಲೆ ಬೆರಳಿಟ್ಟಳು. ಅದು ನಾಯಕನ ಸತ್ತ ಗೆಳೆಯನದಂತೆ.

"ಇದ್ರಲ್ಲಿ ಯಾರಾದ್ರೂ ಸತ್ರೆ, ಎಲ್ಲ ಸರಿಹೋಗತ್ತೆ ಅಂತ ಯಾರೂ ಹೇಳಲ್ಲ ಮಾವ. ಹೆಸರು ಹಿಡಿದು ಅಳ್ತಾರೆ, ಆಮೇಲೆ ಎದ್ದು ಹೋಗ್ತಾರೆ. ನಮ್ಮನೇಲಿ ಅಪ್ಪನ ಮಾತೇ ಎತ್ತಲ್ಲ."

ಬಾಗಿಲಲ್ಲಿ ಸುಧಾ ಕಾಫಿ ಹಿಡಿದು ನಿಂತಿದ್ದಳು. ಮಗಳಿಗೆ ನೋವಾಗದಿರಲಿ ಅಂತ ಗಂಡನ ಫೋಟೋವನ್ನು ಬೀರುವಿನೊಳಗೆ ಇಟ್ಟವಳು ಅವಳು. ಅಮ್ಮನಿಗೆ ನೋವಾಗದಿರಲಿ ಅಂತ ಕೇಳದೆ ಉಳಿದವಳು ಇವಳು. ಸುಧಾ ಲೋಟಗಳನ್ನು ಕೆಳಗಿಟ್ಟು ಮಗಳ ಪಕ್ಕ ಕೂತಳು. ಪುಸ್ತಕದ ಕಡೆಗೇ ನೋಡುತ್ತಾ ಅಂದಳು, "ಆಸ್ಪತ್ರೇಲಿ ಅವತ್ತು ನಿಮ್ಮಪ್ಪ ಏನಂದ್ರು ಅಂತ ನಿಂಗೆ ಹೇಳೇ ಇಲ್ಲ ಅಲ್ವೇನೇ."

ನಾನು ಎದ್ದು ಕೆರೆಯ ಕಡೆ ನಡೆದೆ. ಅಲ್ಲಿ ನನಗೇನೂ ಕೆಲಸವಿರಲಿಲ್ಲ.

ಪುಸ್ತಕಗಳು ಒಲೆಗೆ ಬೀಳಲಿಲ್ಲ. ನವ್ಯ ಓದಿ ಮುಗಿಸಿದ್ದು ಈಗ ನನ್ನ ಮನೆಗೆ ಬರುತ್ತದೆ. ಇವತ್ತು ಬೆಳಿಗ್ಗೆ ಸುಧಾ ಫೋನು ಮಾಡಿದ್ದಳು. ನಿನ್ನೆ ಗಂಡನ ಹುಟ್ಟಿದ ದಿನವಂತೆ, ಪಾಯಸ ಮಾಡಿದ್ದಳಂತೆ.

"ಅವರ ವಿಷಯ ಮಾತಾಡ್ತಾ ಮಾತಾಡ್ತಾ ಇಬ್ರೂ ಅತ್ವಿ ಕಣೋ ಅಣ್ಣ. ಚೆನ್ನಾಗಿ ಅತ್ವಿ. ಆಮೇಲೆ ಇನ್ನೊಂದ್ಸಲ ಬಡಿಸ್ಕೊಂಡ್ವಿ."

ಮೊದಲಾಗಿದ್ದರೆ ಅಳಬೇಡಮ್ಮ ಅನ್ನುತ್ತಿದ್ದೆ. ಈ ಸಲ, ಪಾಯಸದಲ್ಲಿ ದ್ರಾಕ್ಷಿ ಕಂಡರೆ ಮಂಜಣ್ಣ ಒಂದೊಂದೇ ಆರಿಸಿ ತಟ್ಟೆಯ ಅಂಚಿಗೆ ಇಡುತ್ತಿದ್ದನಲ್ಲ ಅಂದೆ. ಆ ಕಡೆಯಿಂದ ಮೂಗು ಸೇದಿದ ಸದ್ದು, ಅದರ ಹಿಂದೆಯೇ ನಗು. ಸುಧಾ ಅವನ ಕಥೆ ಹೇಳತೊಡಗಿದಳು. ನಾನು ಕುರ್ಚಿ ಎಳೆದುಕೊಂಡು ಕೂತೆ.