ಹೆಬ್ಬೆಟ್ಟಿಗೆ ಮುಂಚಿನ ಓದು

ನನಗೆ ಚಿಕ್ಕಂದಿನಿಂದಲೂ ಕಾಗದವೆಂದರೆ ಹೆದರಿಕೆ. ಹಾನಗಲ್ಲಿನ ನಮ್ಮ ಮನೆಗೆ ಕಚೇರಿಯಿಂದ ಲಕೋಟೆ ಬಂದರೆ ಅಪ್ಪ ಅದನ್ನು ದೇವರ ಮುಂದಿಟ್ಟು, ಊಟ ಮುಗಿಸಿ, ಆಮೇಲೆ ಒಡೆಯುತ್ತಿದ್ದ. ಮೊದಲೇ ಓದಿ ಊಟ ಸೇರದಿದ್ದರೆ ಏನು ಗತಿ ಎಂಬ ಮುಂದಾಲೋಚನೆ. ಅವನ ಮಗಳು ನಾನು. ಹೆಡ್ ಮಾಸ್ತರರು ಕರೆದರೆ ಹೆದರಿಕೆ, ಕರೆಯದಿದ್ದರೆ ಇನ್ನೂ ಹೆದರಿಕೆ. ತರಗತಿಯೊಳಗೆ ಮಾತ್ರ ನನ್ನ ದನಿ ಏರುತ್ತದೆ. ಪುಕ್ಕಲರ ದನಿಯೂ ಎಲ್ಲಾದರೂ ಏರಬೇಕಲ್ಲ.

ಇಂಥ ನಾನು ಹೋದ ವರ್ಷ ಸ್ವಂತ ಬುದ್ಧಿಯಿಂದ ಒಂದು ಕಾಗದ ಬರೆದೆ. ತಡಸದ ಕಡೆಯ ಒಂದು ಊರಿನಲ್ಲಿ ನಮ್ಮ ಶಾಲೆ. ಅಲ್ಲಿಯ ಕಪಾಟಿನಲ್ಲಿ ಕಥೆಯ ಪುಸ್ತಕಗಳು ತುಂಬಿದ್ದವು, ಒಂದರ ಬೆನ್ನೂ ಬಾಗಿರಲಿಲ್ಲ. ಕೊಟ್ಟರೆ ಹರಿದಾವು, ಹರಿದರೆ ಉತ್ತರ ಹೇಳುವವರು ಯಾರು ಎಂದು ಬೀಗ ಹಾಕಿಟ್ಟಿದ್ದೆವು. ನನ್ನ ಯೋಜನೆ ಸರಳ. ಏಳನೆಯ ತರಗತಿಯ ಪ್ರತಿ ಮಗು ಶನಿವಾರ ಒಂದು ಪುಸ್ತಕ ಮನೆಗೆ ಒಯ್ಯಬೇಕು, ಮನೆಯಲ್ಲಿ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಬೇಕು, ಸೋಮವಾರ ತಂದುಕೊಡಬೇಕು.

ನಿಜ ಹೇಳಬೇಕೆಂದರೆ ಈ ಯೋಜನೆ ಬರೆದದ್ದು ಒಬ್ಬ ಹುಡುಗಿಯ ಸಲುವಾಗಿ. ಕಿಟಕಿಯ ಪಕ್ಕ ಕೂರುವವಳು. ಎಲ್ಲರೂ ಒಟ್ಟಿಗೆ ಓದುವಾಗ ಅವಳ ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. ಒಬ್ಬಳನ್ನೇ ಎಬ್ಬಿಸಿದರೆ ಕಾಲಬೆರಳು ನೋಡುತ್ತ ನಿಲ್ಲುತ್ತಿದ್ದಳು. ಓದಲು ಬಾರದವರ ಪಟ್ಟಿಯಲ್ಲಿ ಅವಳದೇ ಮೊದಲ ಹೆಸರು. ಏಳನೆಯದು ಮುಗಿದರೆ ಹೈಸ್ಕೂಲಿಗೆ ಬಸ್ಸು ಹತ್ತಿ ಬೇರೆ ಊರಿಗೆ ಹೋಗಬೇಕು. ಓದಲು ಬಾರದವಳನ್ನು ಬಸ್ಸಿಗೆ ಕಳಿಸಿ ಏನು ಮಾಡುವುದು ಎಂದು ಅವಳ ದೊಡ್ಡಪ್ಪ ಆಗಲೇ ಅಂದಿದ್ದನಂತೆ. ನನ್ನ ಕೈಯಡಿ ಇದ್ದ ಮಗು ಹಾಗೆಯೇ ಮನೆ ಸೇರುತ್ತದಲ್ಲ ಎಂಬ ಭಯ ನನಗೆ ಮಿಕ್ಕೆಲ್ಲ ಭಯಗಳಿಗಿಂತ ದೊಡ್ಡದಾಗಿತ್ತು.

ಶಿಗ್ಗಾಂವಿಯ ಶಿಕ್ಷಣ ಕಚೇರಿಯಲ್ಲಿ ಸಾಹೇಬರು ಯೋಜನೆಯನ್ನು ಕೇಳಿ ಬೇಡ ಅನ್ನಲಿಲ್ಲ. ಪ್ರಸ್ತಾವನೆಯ ಕೊನೆಗೇ ಎಲ್ಲ ಪಾಲಕರ ಒಪ್ಪಿಗೆ ಇರಬೇಕು, ಸಹಿಯೋ ಹೆಬ್ಬೆಟ್ಟೋ ಒಂದು ಕಡಿಮೆಯಾದರೂ ತರಬೇಡಿ, ಶನಿವಾರ ಕೊನೆಯ ದಿನ ಎಂದರು. ಬರೆಯಲು ಕುಳಿತಾಗ ಸವಣೂರಿನಿಂದ ಬರುವ ನಮ್ಮ ಇನ್ನೊಬ್ಬ ಮಾಸ್ತರರು ಬುದ್ಧಿ ಹೇಳಿದರು.

"ಹಿನ್ನೆಲಿ ಗಟ್ಟಿ ಇರಬೇಕ್ರಿ ಅಕ್ಕೋರ. ಊರು ಎಷ್ಟ್ ಕೆಟ್ಟೈತಿ ಅಂತ ಬರೀತೀರಿ, ಮ್ಯಾಲಿನವ್ರಿಗೆ ಅಷ್ಟ್ ಕರುಣಾ ಬರ್ತೈತಿ."

ಅದಕ್ಕೆ ಎರಡನೆಯ ಪ್ಯಾರಾದಲ್ಲಿ ಹೀಗೆ ಬರೆದೆ: "ಈ ಊರಿನ ತಾಯಂದಿರಿಗೆ ಓದು ಬಾರದು, ಮಕ್ಕಳ ವಿದ್ಯೆಯ ಬಗ್ಗೆ ಅವರಿಗೆ ಕಾಳಜಿಯೂ ಇಲ್ಲ." ಬರೆಯುವಾಗ ಕೈ ಒಂದಿಷ್ಟೂ ತಡೆಯಲಿಲ್ಲ. ವಾಕ್ಯ ಚೆನ್ನಾಗಿ ಬಂದಿದೆ ಅಂತಲೂ ಅನ್ನಿಸಿತು. ಇದನ್ನು ಈಗ ನೆನೆದರೆ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ಅಪ್ಪಂದಿರು ಬೈಕಿನ ಮೇಲೆ ಕುಳಿತೇ ಸಹಿ ಮಾಡಿದರು, ಒಬ್ಬರೂ ಓದಲಿಲ್ಲ. ಶುಕ್ರವಾರ ಮಧ್ಯಾಹ್ನಕ್ಕೆ ಉಳಿದದ್ದು ಒಂದೇ ಹೆಸರು, ಆ ಹುಡುಗಿಯ ತಾಯಿಯದು. ಗಂಡ ಲಾರಿಯ ಮೇಲೆ ಊರೂರು ಸುತ್ತುವವನು. ಹೊಲ, ಮನೆ ಎರಡನ್ನೂ ಅವಳೇ ನೋಡಬೇಕು. ನಾನು ಬೇಕೆಂದೇ ಅವಳನ್ನು ಕೊನೆಗೆ ಇಟ್ಟುಕೊಂಡಿದ್ದೆ. ಪಾಲಕರ ಸಭೆಯಲ್ಲಿ ಒಮ್ಮೆ, ಮಗಳಿಗೆ ಓದು ಬಾರದೆಂದು ನಾವು ಅಂದಾಗ, "ಏಳು ವರ್ಷ ನನ್ನ ಮಗಳಿಗೆ ಏನ್ ಕಲಿಸೀರಿ?" ಎಂದು ಎಲ್ಲರೆದುರು ಕೇಳಿದವಳು. ಆದರೆ ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ. ಹುಡುಗಿಯ ಕೈಲಿ ಹೇಳಿಕಳಿಸಿದೆ.

ಗೋವಿನಜೋಳದ ಹೊಲದಿಂದ ನೇರ ಬಂದಳು, ಓಣಿಯ ಇಬ್ಬರು ಹೆಂಗಸರನ್ನೂ ಕರೆದುಕೊಂಡು. ಸೀರೆಯ ಅಂಚಿಗೆ ಮಣ್ಣು. ಹೆಡ್ ಮಾಸ್ತರರು, "ಕುಂದರ್ರಿ ಯವ್ವಾ" ಎಂದರು. ಅವಳು ನಿಂತೇ ಇದ್ದಳು. ನಾನು ಶಾಯಿ ಪ್ಯಾಡಿನ ಮುಚ್ಚಳ ತೆಗೆದೆ. ಅವಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಸೇರಿಸಿಕೊಂಡಳು.

"ಮೊದಲ ಓದಬೇಕ್ರಿ," ಎಂದಳು.

"ಓದ್ತೇನಿ, ಕೇಳ್ರಿ," ಎಂದು ಕಾಗದ ಎತ್ತಿದೆ. ಆ ಒಂದು ಸಾಲು ಬಿಟ್ಟು ಓದುವುದೆಂದು ಆಗಲೇ ಮನಸ್ಸಿನಲ್ಲಿ ಮಾಡಿಕೊಂಡಿದ್ದೆ.

"ನೀವ್ ಬ್ಯಾಡ್ರಿ. ಕಾಗದ ತಂದವ್ರು ಓದಬಾರದು. ನಮ್ಮ ಮನೀ ಹುಡುಗರು ಓದಬೇಕು."

ಜೊತೆಗಿದ್ದ ಹೆಂಗಸರು ತಲೆ ಆಡಿಸಿದರು. ಅದು ಅವರ ಓಣಿಯ ಕಟ್ಟಳೆ. ಇವಳ ಅತ್ತೆಯ ಕಾಲದಲ್ಲಿ ಯಾರೋ ಓದಿ ಹೇಳಿದ್ದೊಂದು, ಕಾಗದದಲ್ಲಿ ಇದ್ದದ್ದೊಂದು. ಹೆಬ್ಬೆಟ್ಟು ಒತ್ತಿದ ಮೇಲೆ ಹೊಲದ ಒಂದು ಮಗ್ಗುಲು ಕೈಬಿಟ್ಟು ಹೋಗಿತ್ತಂತೆ. ಅಂದಿನಿಂದ ಆ ಓಣಿಯ ಹೆಂಗಸರು ತಮ್ಮ ಮನೆಯ ಮಗು ಓದದ ಕಾಗದಕ್ಕೆ ಬೆರಳು ತಾಗಿಸುವುದಿಲ್ಲ.

ಹೆಡ್ ಮಾಸ್ತರರು ನಕ್ಕರು. "ಯವ್ವಾ, ನಿನ್ನ ಮಗಳಿಗೆ ಓದಾಕ ಬರೂದಿಲ್ಲಂತನ ಅಲ್ಲೇನು ಈ ಯೋಜನಾ ಮಾಡಾಕತ್ತಿದ್ದು?"

"ಬರ್ತೈತ್ರಿ. ಹೊಲಕ್ಕ ಹೊಡಿಯೋ ಎಣ್ಣಿ ಬಾಟ್ಲಿ ಮ್ಯಾಲಿಂದು ಅಕೀನ ಓದಿ ಹೇಳ್ತಾಳ, ಎಷ್ಟ್ ನೀರಿಗೆ ಎಷ್ಟ್ ಹಾಕಬೇಕಂತ. ಒಮ್ಮಿನೂ ಪೀಕ ಸುಟ್ಟಿಲ್ಲ."

ಹುಡುಗಿ ಬಂದು ನಿಂತಳು. ತಾಯಿ ನನ್ನ ಕೈಯಿಂದ ಕಾಗದ ತೆಗೆದು ಅವಳಿಗೆ ಕೊಟ್ಟಳು. ಓದಲು ಬಂದರೆ ಎರಡನೆಯ ಪ್ಯಾರಾಕ್ಕೆ ಬಂದೇ ಬರುತ್ತಾಳೆ. ಈ ಹೆಂಗಸು ಕಾಗದ ಹರಿದರೆ ಯೋಜನೆ ಹೋಯಿತು, ಊರಲ್ಲಿ ನಾನು ತಲೆ ಎತ್ತುವ ಹಾಗಿಲ್ಲ. ಆಗ ನಾನು ಮಾಡಿದ್ದನ್ನು ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಈ ಮಗುವಿಗೆ ಓದಲು ಬಾರದಿರಲಿ ದೇವರೇ ಎಂದು ಬೇಡಿಕೊಂಡೆ. ಅವಳಿಗೆ ಏಳು ವರ್ಷ ಅಕ್ಷರ ಹೇಳಿಕೊಟ್ಟ ಶಾಲೆಯ ಟೀಚರು ನಾನು.

ಅವಳು ಬೆರಳಿಟ್ಟು ಶುರು ಮಾಡಿದಳು. "ಮಾನ್ಯರೇ" ಎಂಬಲ್ಲಿ ತಡವರಿಸಿದಳು. ಆಮೇಲೆ ಒಂದೊಂದೇ ಪದ ಬಿಡಿಸಿ, ಒತ್ತಕ್ಷರ ಬಂದಲ್ಲಿ ನಿಂತು, ಹಿಂದೆ ಹೋಗಿ ಸರಿ ಮಾಡಿಕೊಂಡು ಓದಿದಳು. ಅವಳ ದನಿ ಸ್ವಲ್ಪ ಗೊಗ್ಗರು ಎಂದು ನನಗೆ ಗೊತ್ತಾದದ್ದೇ ಅವತ್ತು. ಹೆಡ್ ಮಾಸ್ತರರ ನಗು ನಿಂತಿತು. ನನಗೆ ಖುಷಿಯಾಗಬೇಕಿತ್ತು. ನಾನು ಎರಡನೆಯ ಪ್ಯಾರಾಕ್ಕೆ ಇನ್ನೆಷ್ಟು ಸಾಲು ಎಂದು ಎಣಿಸುತ್ತಿದ್ದೆ.

ಬೆರಳು ಆ ಸಾಲಿಗೆ ಬಂತು. ತುಟಿ ಅಲುಗಿತು, ದನಿ ಬರಲಿಲ್ಲ. ಬೆರಳು ಸಾಲಿನ ಈ ತುದಿಯಿಂದ ಆ ತುದಿಗೆ ನಿಧಾನ ಹೋಯಿತು. ಅವಳು ಒಮ್ಮೆ ತಾಯಿಯನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ಮುಂದಿನ ಸಾಲನ್ನು ಗಟ್ಟಿಯಾಗಿ ಓದತೊಡಗಿ, ಕೊನೆಯವರೆಗೂ ಓದಿದಳು.

ಹೋದ ಜೀವ ಬಂದಂತಾಯಿತು. ತಾಯಿ, "ಆತ್ರಿ," ಎಂದು ಮುಷ್ಟಿ ಬಿಚ್ಚಿ ಹೆಬ್ಬೆರಳನ್ನು ಶಾಯಿಗೆ ಒತ್ತಿದಳು. ಬೆರಳು ಕಾಗದದ ಮೇಲೆ ಬರುತ್ತಿತ್ತು. ಅತ್ತೆಗೆ ಆದದ್ದೇ ಸೊಸೆಗೂ ಆಗುತ್ತಿದೆ, ಅದೂ ನನ್ನ ಶಾಲೆಯಲ್ಲಿ, ಅವಳ ಮಗಳ ಬಾಯಿಂದಲೇ ಎಂದು ನನಗೆ ಆಗ ಹೊಳೆಯಿತು. ಸುಮ್ಮನಿದ್ದಿದ್ದರೆ ಎಲ್ಲ ಮುಗಿಯುತ್ತಿತ್ತು.

"ತಡೀರಿ," ಎಂದೆ. "ಒಂದ್ ಸಾಲು ಉಳದೈತಿ."

ಓದಿದೆ. ನಾನೇ ಬರೆದ ಸಾಲು, ಹುಡುಗಿಗಿಂತ ಹೆಚ್ಚು ತಡವರಿಸಿದೆ. ಹೆಂಗಸರಲ್ಲಿ ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ತಾಯಿಯ ಮಸಿ ಬೆರಳು ಗಾಳಿಯಲ್ಲೇ ನಿಂತಿತ್ತು. ಬೈಯುತ್ತಾಳೆಂದು ಕಾದೆ. ಅವಳು ಮಗಳ ಕಡೆ ತಿರುಗಿದಳು.

"ಬಿಟ್ಟ ಓದಿದ್ಯಾ?"

"ಹೂಂ. ನಿನಗ ಕೇಳಬಾರದಂತ."

"ಇನ್ನೊಮ್ಮೆ ಬಿಡಬ್ಯಾಡ. ಎಣ್ಣಿ ಬಾಟ್ಲಿ ಮ್ಯಾಲೆ ಒಂದ್ ಸಾಲ ಬಿಟ್ರ ಏನಾಗ್ತೈತಿ ಗೊತ್ತಿಲ್ಲೇನು?" ಆಮೇಲೆ ನನಗೆ, "ಹೊಡದ ಹಾಕ್ರಿ ಅದನ್ನ," ಎಂದಳು.

ಬೇರೆ ಹಾಳೆಯಲ್ಲಿ ಚೆಂದಾಗಿ ಬರೆದು ತರುತ್ತೇನೆ ಎಂದೆ.

"ಬ್ಯಾಡ. ಬ್ಯಾರೆ ಬರದ್ರ ಮತ್ತ ಅದರಾಗ ಏನಿರ್ತೈತೋ. ಇದರ ಮ್ಯಾಲೇ ಹೊಡೀರಿ. ಹೊಡದ ಕಡೆ ಸಹಿ ಮಾಡ್ರಿ."

ಸಾಲನ್ನು ಹೊಡೆದುಹಾಕಿದೆ, ಸಹಿ ಮಾಡಿದೆ. ನನ್ನ ಸಹಿಯ ಪಕ್ಕದಲ್ಲಿ ಅವಳು ಹೆಬ್ಬೆಟ್ಟು ಒತ್ತಿದಳು. ಮಗಳಿಂದ ಮತ್ತೆ ಮೊದಲಿಂದ ಓದಿಸಿ ಕೇಳಿ, ಆಮೇಲೆ ಕೆಳಗೆ ಇನ್ನೊಂದು ಒತ್ತಿದಳು.

ಶನಿವಾರ ಸಾಹೇಬರು ನಡುವಿನ ಹೆಬ್ಬೆಟ್ಟು ನೋಡಿ, "ಇದು ಚಂದ ಕಾಣಂಗಿಲ್ಲ, ಬ್ಯಾರೆ ಬರಕೊಂಡ ಬರ್ರಿ," ಎಂದರು. "ಬ್ಯಾರೆ ಬರದ್ರ ಮತ್ತ ಓದಸಬೇಕಾಗ್ತೈತ್ರಿ ಸರ್," ಎಂದೆ. ಅವರಿಗೆ ಏನು ಅರ್ಥವಾಯಿತೋ, ಕಾಗದವನ್ನು ಫೈಲಿಗೆ ಸೇರಿಸಿದರು.

ತಿಂಗಳೊಪ್ಪತ್ತಿನಲ್ಲಿ ಮಂಜೂರಾಯಿತು. ಮೊದಲ ಸೋಮವಾರ ಆ ಹುಡುಗಿ ಪುಸ್ತಕ ವಾಪಸು ತಂದಳು. ಹಾಳೆಯ ಅಂಚಿಗೆ ಮಣ್ಣಿನ ಬೆರಳ ಗುರುತು, ಸಾಲಿಗೆ ಒಂದರಂತೆ. ಒಂದು ಸಾಲೂ ತಪ್ಪದಿರಲೆಂದು ತಾಯಿ ಪಕ್ಕದಲ್ಲಿ ಬೆರಳಿಟ್ಟು ಕುಳಿತಿದ್ದಳಂತೆ. ಓದಲು ಬಾರದವರ ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕುತ್ತ, ಇಷ್ಟು ದಿನ ನಾಲಿಗೆಯ ತುದಿಯಲ್ಲಿ ಕೂತಿದ್ದ ಪ್ರಶ್ನೆಯನ್ನು ಕೇಳಿಯೇ ಬಿಟ್ಟೆ.

"ಇಷ್ಟ್ ಚಲೋ ಓದ್ತೀಯಲ್ಲವಾ, ಕ್ಲಾಸಿನಾಗ ಯಾಕ ಸುಮ್ನ ನಿಂದರ್ತಿದ್ದಿ?"

ಅವಳು ಕಾಲಬೆರಳು ನೋಡಿದಳು.

"ನಿಮ್ಮನ್ನ ಕಂಡ್ರ ಹೆದರಿಕ್ರಿ, ಅಕ್ಕೋರ."