ಕಾರು ತಳ್ಳದ ಗ್ಯಾರೇಜು

ನಮ್ಮವರು ಕಣ್ಣು ಮುಚ್ಚಿಕೊಂಡು ನಟ್ಟು ಮುಟ್ಟಿದರೆ ಸಾಕು, ಅದಕ್ಕೆ ಎಷ್ಟನೇ ನಂಬರಿನ ಸ್ಪ್ಯಾನರ್ ಕೂರುತ್ತದೆಂದು ಹೇಳಿಬಿಡುತ್ತಾರೆ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ನನ್ನ ಚಪ್ಪಲಿಯ ಅಳತೆ ಮಾತ್ರ ಗೊತ್ತಿಲ್ಲ. ಕೇಳಿದರೆ, "ಅದನ್ನ ಬಿಚ್ಚಿ ಕೂರಿಸೋ ಕೆಲಸ ನಂದಲ್ವಲ್ಲ" ಅನ್ನುತ್ತಾರೆ. ಅಂಥ ಮನುಷ್ಯ.

ಅವರ ಹಳೆಯ ಗ್ಯಾರೇಜು ನಮ್ಮ ಮನೆಯ ಹಿಂದಿನ ಓಣಿಯಲ್ಲಿತ್ತು. ಶೀಟಿನ ಸೂರು, ಮೂರು ಗೋಡೆ, ಒಂದೇ ಬಾಗಿಲು. ಎರಡು ಕಾರು ನಿಲ್ಲುವ ಜಾಗಕ್ಕೆ ನಾಲ್ಕನ್ನು ತುರುಕುತ್ತಿದ್ದರು. ಒಳಗಿನದನ್ನು ತೆಗೆಯಬೇಕೆಂದರೆ ಮುಂದಿನ ಮೂರನ್ನೂ ಹೊರಗೆ ತಳ್ಳಬೇಕು. ಆ ಮೂರೂ ಎಂಜಿನ್ ಬಿಚ್ಚಿಸಿಕೊಂಡು ಹಾಯಾಗಿ ನಿಂತಿರುತ್ತಿದ್ದವು. ಕಾರು ಗೋಡೆಗೆ ಅಂಟಿಕೊಂಡಿದ್ದರೆ ಹಿಂಭಾಗವನ್ನು ಜಾಕಿನ ಮೇಲೆ ಎತ್ತಿ, ಪಕ್ಕಕ್ಕೆ ನೂಕಿ, ಧೊಪ್ಪನೆ ಒಂದು ಅಡಿ ಆಚೆ ಬೀಳಿಸುವ ವಿದ್ಯೆಯೂ ಅವರಿಗೆ ಕರಗತ. ತಳ್ಳುವುದಕ್ಕೆ ಎದುರಿನ ಪಂಕ್ಚರ್ ಅಂಗಡಿಯವರೊಬ್ಬರು, ನಾನೊಬ್ಬಳು. "ಇವಳೇ, ಸ್ವಲ್ಪ ಕೈ ಹಾಕು ಬಾ" ಎಂದು ಕೂಗಿದರೆ ಒಲೆ ಆರಿಸಿ ಓಡಬೇಕು. ದಿನಕ್ಕೆ ನಾಲ್ಕು ಸಲವಾದರೂ ಆ ಕೂಗು ಬರುತ್ತಿತ್ತು.

ಹೋದ ವರ್ಷ ನನ್ನ ಬೆನ್ನು ಕೈಕೊಟ್ಟಿತು. ಹದಿನೇಳು ದಿನ ಮಲಗಿದಲ್ಲೇ ಇದ್ದೆ. ಇನ್ನೊಂದು ಸಲ ಹೀಗಾದರೆ ಆಪರೇಷನ್ನೇ ಗತಿ ಎಂದು ಡಾಕ್ಟರಮ್ಮ ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಆದ್ದರಿಂದ ಹೊಸ ವರ್ಕ್‌ಶಾಪಿನ ಮಾತು ಬಂದಾಗ ನಾನು ಒಂದೇ ಷರತ್ತು ಹಾಕಿದೆ: ಅಲ್ಲಿ ಒಂದೇ ಒಂದು ಕಾರನ್ನೂ ನಾನು ತಳ್ಳುವುದಿಲ್ಲ.

"ಹೊಸದ್ರಲ್ಲಿ ತಳ್ಳೋ ಮಾತೇ ಇಲ್ಲ ಬಿಡು," ಅಂದರು.

ಹೊಸ ಶೆಡ್ಡು ಅರವತ್ತು ಅಡಿ ಉದ್ದ, ನಲವತ್ತು ಅಡಿ ಅಗಲ. ಎರಡು ಕೊನೆಗೂ ಒಂದೊಂದು ಗೇಟು. ಎಂಜಿನಿಯರ್ ನಕ್ಷೆ ಬರೆದು ತಂದರೆ ಇವರು ಅದನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. ಪ್ಯಾಂಟು ಮಡಚಿ, ಸಿಮೆಂಟ್ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಸೀಮೆಸುಣ್ಣದಲ್ಲಿ ಇಡೀ ವರ್ಕ್‌ಶಾಪನ್ನು ಇದ್ದಷ್ಟೇ ಅಳತೆಗೆ ಬರೆಯತೊಡಗಿದರು. ಗದ್ದಲ ಮಾಡುವ ಗಾಳಿಯ ಕಂಪ್ರೆಸರ್ ಗೋಡೆಯಾಚೆ: "ಎಂಜಿನ್ ಏನ್ ಹೇಳ್ತಿದೆ ಅಂತ ನಂಗೆ ಕೇಳಿಸ್ಬೇಕಲ್ಲ." ಗಾಳಿಯ ಪೈಪು ಸೂರಿನಿಂದಲೇ ಇಳಿಯಬೇಕು, ಕಾಲಿಗೆ ತೊಡರಬಾರದು. ಕಾರು ತಂದವರು ಕೂರುವ ಕೋಣೆಗೆ ದೊಡ್ಡ ಗಾಜು: "ಅವರ ಗಾಡಿ ಅವರ ಕಣ್ಣಿಗೆ ಕಾಣ್ತಿದ್ರೆ ಅವರಿಗೂ ನೆಮ್ಮದಿ, ನಂಗೂ ಕಾಟ ಇಲ್ಲ." ಒಂದು ಪಕ್ಕ ಸಾಮಾನಿನ ಕೋಣೆ, ಅದರೆದುರು ಉದ್ದನೆಯ ಗೋಡೆಗೆ ನೆಟ್ಟಗೆ ಐದು ಬೇ. ಬೇ ಅಂದರೆ ಒಂದು ಕಾರು ನಿಂತು ರಿಪೇರಿಯಾಗುವ ಜಾಗ. ಒಂದೊಂದಕ್ಕೂ ಕಾರನ್ನು ಮೇಲೆತ್ತುವ ಒಂದು ಲಿಫ್ಟು. "ಐದು" ಅನ್ನುವಾಗ ಅವರ ಎದೆ ಉಬ್ಬುತ್ತಿತ್ತು. ನಿಜ ಹೇಳಬೇಕೆಂದರೆ ನನಗೂ ಹೆಮ್ಮೆಯೇ. ಈ ಮನುಷ್ಯ ಕೈ ಹಚ್ಚಿದ ಕೆಲಸ ಕೆಟ್ಟದ್ದನ್ನು ನಾನು ನೋಡಿಲ್ಲ.

ಗೆರೆ ಬರೆದು ಮುಗಿದ ದಿನ ಲಿಫ್ಟ್ ಕೂರಿಸುವವರು ಮಧ್ಯಾಹ್ನ ಮೂರು ಗಂಟೆಗೆ ಬರುತ್ತೇವೆಂದು ಹೇಳಿಕಳಿಸಿದ್ದರು. ನೆಲ ಕೊರೆದು ಬೋಲ್ಟು ಇಳಿಸಿದ ಮೇಲೆ ಮುಗಿಯಿತು, ಲಿಫ್ಟಿನ ಕಂಬ ಆ ಜಾಗ ಬಿಟ್ಟು ಕದಲುವುದಿಲ್ಲ. ನಾನು ಊಟದ ಡಬ್ಬಿ ಹಿಡಿದು ಹನ್ನೆರಡಕ್ಕೇ ಹೋದೆ. ಸ್ಟೂಲ್ ಎಳೆದುಕೊಂಡು ಕೂತು, "ರೀ, ಊಟ ಆಮೇಲೆ. ನಮ್ಮ ಕಾರನ್ನ ಮೂರನೇ ಬೇಗೆ ತಗೊಂಡ್ಹೋಗಿ, ಮತ್ತೆ ಹೊರಗೆ ತನ್ನಿ. ಗೆರೆ ತುಳಿಯೋ ಹಾಗಿಲ್ಲ," ಅಂದೆ.

"ಪರೀಕ್ಷೆನಾ?" ಎಂದು ನಗುತ್ತಾ ಕಾರಿನಲ್ಲಿ ಕೂತರು. ತಿರುಗಿಸಿದರೆ ಚಕ್ರ ಎರಡನೇ ಬೇಯ ಗೆರೆಯ ಮೇಲೆ. ಹಿಂದಕ್ಕೆ ಬಂದರೆ ಬಾಲ ಸಾಮಾನಿನ ಕೋಣೆಯ ಗೆರೆಗೆ. ಮುಂದೆ, ಹಿಂದೆ, ಮತ್ತೆ ಮುಂದೆ. ನಾಲ್ಕನೇ ಸಲಕ್ಕೆ ನ್ಯೂಟ್ರಲ್ಲಿಗೆ ಹಾಕಿ ಕೆಳಗಿಳಿದರು. ಕಿಟಕಿಯೊಳಗೆ ಒಂದು ಕೈ ತೂರಿಸಿ ಸ್ಟೀರಿಂಗ್ ಹಿಡಿದು, ಬಾಗಿಲ ಕಂಬಕ್ಕೆ ಹೆಗಲು ಕೊಟ್ಟು, ನನ್ನ ಕಡೆ ತಿರುಗಿಯೂ ನೋಡದೆ ಕರೆದರು.

"ಇವಳೇ, ಸ್ವಲ್ಪ ಕೈ ಹಾಕು ಬಾ."

ನನಗೆ ಮೈಯೆಲ್ಲ ಉರಿದುಹೋಯಿತು. "ಹಾಕಲ್ಲ," ಅಂದೆ. ಕೂತಲ್ಲಿಂದ ಏಳಲಿಲ್ಲ.

ಆಗ ತಿರುಗಿ ನೋಡಿದರು. ಎಂಜಿನ್ ಇನ್ನೂ ಓಡುತ್ತಲೇ ಇತ್ತು. ಓಡುವ ಕಾರನ್ನು ತಳ್ಳಲು ಇಳಿದಿದ್ದಾರೆ ಮಹಾಶಯರು. ಕಾರು ನಿಲ್ಲುವುದಕ್ಕೆ ಇಂಚಿಂಚೂ ಜಾಗ ಅಳೆದಿದ್ದವರು ತಿರುಗುವುದಕ್ಕೆ ಅಳೆದೇ ಇರಲಿಲ್ಲ. ಮೂವತ್ತು ವರ್ಷ ತಳ್ಳಿಯೇ ಅಭ್ಯಾಸವಾದ ಮೈಗೆ, ಕಾರು ತಾನಾಗಿ ಬರಲು ದಾರಿ ಬೇಕೆಂಬುದು ಹೊಳೆಯಲೇ ಇಲ್ಲ.

"ತಳ್ಳೋಕೆ ಯಾರನ್ನಾದ್ರೂ ಇಟ್ಕೊಂಡ್ರೆ..." ಎಂದು ರಾಗ ಎಳೆದರು.

"ಅವರಿಗೂ ಬೆನ್ನಿರುತ್ತೆ."

ಅವರು ಸ್ಟೀರಿಂಗ್ ಬಿಟ್ಟು ಕಿಟಕಿಯಿಂದ ಕೈ ಹೊರತೆಗೆದರು. ನಾನೇ ಹೇಳಿದೆ, "ನಂಗೆ ಭಯ ಆಗುತ್ತೆ ರೀ. ಇನ್ನೊಂದ್ಸಲ ಹಾಸಿಗೆ ಹಿಡಿದ್ರೆ ಏಳ್ತೀನೋ ಇಲ್ವೋ ಅಂತ."

ಎಂಜಿನ್ ಆರಿಸಿದರು. ಒದ್ದೆ ಬಟ್ಟೆ ತಂದು ಮೊಣಕಾಲೂರಿ ಐದೂ ಬೇಗಳನ್ನು ಅಳಿಸಿದರು. ಸಾಮಾನಿನ ಕೋಣೆಯನ್ನು ಮೂಲೆಗೆ ಸರಿಸಿ, ಬೇಗಳನ್ನು ನೆಟ್ಟಗೆ ಬಿಟ್ಟು ಓರೆಯಾಗಿ ಬರೆದರು. ಓರೆಯಾದರೆ ಕಾರು ಮುಂದಿನ ಗೇಟಿನಿಂದ ಸಲೀಸಾಗಿ ಒಳಹೋಗುತ್ತದೆ, ರಿವರ್ಸ್ ಬಂದು ಹಿಂದಿನ ಗೇಟಿಗೆ ಹೊರಡುತ್ತದೆ. ಆದರೆ ಓರೆ ಬೇ ಗೋಡೆಯ ಉದ್ದವನ್ನು ಹೆಚ್ಚು ತಿನ್ನುತ್ತದೆ. ಎರಡು ಸಲ ಟೇಪು ಹಿಡಿದರು, ಮೂರನೇ ಸಲ ನನ್ನ ಕೈಲಿ ಹಿಡಿಸಿದರು. ಕೂರುವುದು ನಾಲ್ಕೇ.

"ಸ್ಟಾರ್ಟೇ ಆಗದ ಗಾಡಿ ಬಂದ್ರೆ?" ಅಂದೆ. ಸುಮ್ಮನೆ ಬಿಡುವವಳಲ್ಲ ನಾನು.

"ಗೋಡೆಗೆ ವಿಂಚ್ ಹಾಕಿ, ಹಗ್ಗ ಕಟ್ಟಿ ಮೆಷಿನ್ನಿಂದಲೇ ಎಳೆಸ್ತೀನಿ ಮಾರಾಯ್ತಿ. ಈಗ ನೋಡು." ಕಾರು ಒಂದೇ ಸಲಕ್ಕೆ ಮೂರನೇ ಬೇಗೆ ಹೋಯಿತು, ಒಂದೇ ಸಲಕ್ಕೆ ಹೊರಗೂ ಬಂತು. ಒಂದು ಗೆರೆಯೂ ಅಳಿಯಲಿಲ್ಲ. ಆಮೇಲೆ ಇಬ್ಬರೂ ಕೂತು ಊಟ ಮಾಡಿದೆವು.

ಮೂರಕ್ಕೆ ಸರಿಯಾಗಿ ಲಿಫ್ಟಿನವರು ಡ್ರಿಲ್ ಮೆಷಿನ್ ಹೊತ್ತು ಬಂದರು. ಗೆರೆಗಳನ್ನು ನೋಡಿ, ಬೆರಳು ಮಡಚಿ ಎಣಿಸಿ, "ಮೇಸ್ತ್ರಿ, ಐದು ಅಂದಿದ್ರಲ್ಲ, ಇಲ್ಲಿ ನಾಲ್ಕೇ ಇದೆ. ಇನ್ನೊಂದು ಎಲ್ಲಿ?" ಎಂದು ಕೇಳಿದರು.

ಹೊಸ ಥರದ ಡಿಸೈನು, ಹಾಗೆ ಹೀಗೆ ಎಂದು ಇವರು ಈಗ ಏನಾದರೊಂದು ಬುರುಡೆ ಬಿಡುತ್ತಾರೆಂದು ನಾನು ಕಾದೆ. ಅವರು ಸೀಮೆಸುಣ್ಣದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

"ಅದನ್ನ ನಮ್ಮನೆಯವಳ ಬೆನ್ನಿಗೆ ಕೊಟ್ಟಿದೀನಿ," ಅಂದರು. "ನೀವು ನಾಲ್ಕು ಕೊರೀರಿ."