ಹಳದಿ ಗೂಟದಾಚೆ

ವೆನೆರಾಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರವರು ಹೇಳುತ್ತಾರೆ. ಊರವರಿಗೇನು ಗೊತ್ತು? ಮೂಗಿನ ತುದಿಯ ಕೋಪ ಒಂದು ಸೀನಿಗೆ ಹಾರಿಹೋಗುತ್ತದೆ. ಇವಳದು ಹೊಟ್ಟೆಯೊಳಗೆ ವರ್ಷಗಟ್ಟಲೆ ಕೂತ ಕೋಪ. ಅದಕ್ಕೆ ಕಾರಣ ಒಬ್ಬನೇ, ಅವಳ ಅಪ್ಪ ಚಿರಿನೊ.

ಎಟ್ನಾ ಜ್ವಾಲಾಮುಖಿಯ ದಕ್ಷಿಣ ಮಗ್ಗುಲಿನ ಆ ಊರಿನಲ್ಲಿ ಚಿರಿನೊನನ್ನು ಬೈಯುವವರು ಹುಡುಕಿದರೂ ಸಿಗುವುದಿಲ್ಲ. ನಲವತ್ತು ವರ್ಷ ಜನರನ್ನು ಬೆಟ್ಟ ಹತ್ತಿಸಿದ ಗೈಡ್. ಕಾಫಿ ಅಂಗಡಿಗೆ ಬಂದರೆ ಕುರ್ಚಿ ತಾನಾಗಿ ಖಾಲಿಯಾಗುತ್ತದೆ, ಪಾದ್ರಿಯೇ ಮುಂದೆ ಬಂದು ಕೈ ಕುಲುಕುತ್ತಾನೆ. ಅವನು ಕೆಂಪು ಟೋಪಿ ಹಿಂದಕ್ಕೆ ಸರಿಸಿ ಕತೆ ಶುರು ಮಾಡಿದನೆಂದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಹೆಚ್ಚಾಗಿ ಹೇಳುವುದು ಒಂದೇ ಕತೆ. ಅವನು ಇಪ್ಪತ್ತೈದರ ಹುಡುಗನಾಗಿದ್ದಾಗ ಲಾವಾ ಅವರ ಮನೆಯ ಕಡೆ ಇಳಿದು ಬಂದಿತ್ತು. ಸೈನ್ಯದವರು ಬಂದು ಹೊರಡಿ ಹೊರಡಿ ಎಂದು ಅವಸರ ಮಾಡುತ್ತಿದ್ದರೂ ಅವನ ತಾಯಿ ಜಗ್ಗಲಿಲ್ಲ. ಮನೆಯೆಲ್ಲ ಗುಡಿಸಿದಳು. ಮೇಜಿಗೆ ಮದುವೆಯ ಬಿಳಿ ಬಟ್ಟೆ ಹಾಸಿ ರೊಟ್ಟಿ, ಆಲಿವ್, ಒಂದು ಹೂಜಿ ವೈನ್ ಇಟ್ಟಳು. ಬಾಗಿಲು ಹಾರು ಹೊಡೆದು, ಅಷ್ಟು ದೂರದಿಂದ ದಣಿದು ಬರುವವಳು ಉಂಡು ಹೋಗಲಿ ಎಂದು ಹೇಳಿ ಹೊರಗೆ ಬಂದಳು. ಬೆಟ್ಟ ಮನೆಯನ್ನೂ ಮೇಜನ್ನೂ ನುಂಗಿತು. ಊರವರ ಬಾಯಲ್ಲಿ ಬೆಟ್ಟ ಎಂದರೆ ಯಾವಾಗಲೂ ‘ಅವಳು’.

"ನಮ್ಮ ಮನೇಲಿ ಉಂಡವಳು ಅವಳು. ಉಪ್ಪು ತಿಂದಿದ್ದಾಳೆ. ನನ್ನ ಮೈ ಮುಟ್ಟಲ್ಲ" ಎಂದು ಚಿರಿನೊ ಕತೆ ಮುಗಿಸುತ್ತಿದ್ದ. ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು. ವೆನೆರಾ ಚಿಕ್ಕವಳಿದ್ದಾಗ ಅವಳೂ ಒರೆಸಿಕೊಂಡಿದ್ದಳು. ದೊಡ್ಡವಳಾದ ಮೇಲೆ ಅವಳಿಗೆ ಅರ್ಥವಾದದ್ದು ಏನೆಂದರೆ, ಈ ಮನುಷ್ಯ ಅದನ್ನು ಕತೆ ಎಂದು ಹೇಳುತ್ತಿಲ್ಲ, ನಂಬಿದ್ದಾನೆ. ತನ್ನ ಪ್ರಾಣದ ಮಟ್ಟಿಗೆ ನಂಬಿಕೊಂಡಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಕೈ ಹಿಡಿದು ಕರೆದೊಯ್ಯುವ ಪರದೇಶದವರ ಪ್ರಾಣಕ್ಕೂ ಆ ಉಪ್ಪನ್ನೇ ಜಾಮೀನು ಇಟ್ಟಿದ್ದ.

ವೆನೆರಾ ಹತ್ತೊಂಬತ್ತಕ್ಕೆ ಹೋಟೆಲೊಂದರಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಎಂಟು ವರ್ಷ ಬಿಳಿ ಬಟ್ಟೆ ಮಡಚಿ ಮಡಚಿ ಬೇಸತ್ತು ಗೈಡ್ ಪರೀಕ್ಷೆಗೆ ಕೂತಳು. "ನೀನೂ ಹೆಂಗಸು, ಅವಳೂ ಹೆಂಗಸು. ಇಬ್ಬರಿಗೂ ಆಗಿಬರಲ್ಲ ಬಿಡೇ" ಎಂದು ಅಪ್ಪ ಇಡೀ ಕಾಫಿ ಅಂಗಡಿಯ ಎದುರು ನಕ್ಕಿದ್ದ. ಅವಳು ಪಾಸಾದಳು. ಸರ್ಕಾರದ ಮೊಹರಿನ ಸಣ್ಣ ನೀಲಿ ಪರವಾನಗಿ ಪುಸ್ತಕ ಕೈಗೆ ಬಂದ ದಿನದಿಂದ ಹತ್ತೊಂಬತ್ತು ವರ್ಷ, ದಿನಾ ಬೆಳಗ್ಗೆ ಎಂಟಕ್ಕೆ ಹತ್ತಿ ಮಧ್ಯಾಹ್ನ ಒಂದಕ್ಕೆ ಇಳಿಯುವ ಅರ್ಧ ದಿನದ ಚಾರಣ ಅವಳ ಅನ್ನ. ಚಪ್ಪಲಿ ಹಾಕಿಕೊಂಡು ಬಂದವರನ್ನು ಬಸ್ಸಿನ ಬಾಗಿಲಲ್ಲೇ ವಾಪಸು ಕಳಿಸುತ್ತಿದ್ದಳು. ನಿಂತಲ್ಲೆಲ್ಲ ಕೋಲಿನಿಂದ ಒಬ್ಬೊಬ್ಬರ ಬೆನ್ನಚೀಲ ಮುಟ್ಟಿ ಎಣಿಸುತ್ತಿದ್ದಳು. ಬೆಟ್ಟ ಗುರುಗುಟ್ಟಿದ ದಿನಗಳಲ್ಲಿ ಅಧಿಕಾರಿಗಳು ಹಳದಿ ಬಣ್ಣದ ಗೂಟ ನೆಟ್ಟಿರುತ್ತಿದ್ದರು, ಅದರಾಚೆ ಅವಳು ಹೆಜ್ಜೆ ಇಟ್ಟಿರಲಿಲ್ಲ. ಊರಲ್ಲಿ ಅವಳಿಗೆ ಗೂಟದ ವೆನೆರಾ ಎಂದೇ ಹೆಸರು. ಹೆಸರಿಟ್ಟವನು ಅಪ್ಪನೇ.

ಹತ್ತು ವರ್ಷದ ಹಿಂದೆ ಮೊಣಕಾಲು, ಕಿವಿ ಎರಡರ ಪರೀಕ್ಷೆಯಲ್ಲೂ ಫೇಲಾಗಿ ಚಿರಿನೊ ತನ್ನ ನೀಲಿ ಪುಸ್ತಕ ಹಿಂದಿರುಗಿಸಿದ. ಪುಸ್ತಕ ಕೊಟ್ಟನೇ ಹೊರತು ಬೆಟ್ಟ ಬಿಡಲಿಲ್ಲ. ಹಳೆಯ ಹೇಸರಗತ್ತೆ ದಾರಿ ಹಿಡಿದು ಹತ್ತಿ, ಮಗಳ ಗುಂಪು ಊಟಕ್ಕೆ ಕೂತ ಜಾಗದ ಸುತ್ತ ಸುಳಿದಾಡುವುದು, ಆಸೆಗಣ್ಣಿನವರನ್ನು ಗುರುತು ಹಿಡಿದು ಕಣ್ಣು ಹೊಡೆಯುವುದು, ಗೂಟದಾಚೆ ಕರೆದೊಯ್ದು ಬೆಟ್ಟದ ಬಾಯಿ ತೋರಿಸುವುದು. ಕಾಸು ಮುಟ್ಟುತ್ತಿರಲಿಲ್ಲ, ಅದೊಂದು ಬೇರೆ ಹೆಮ್ಮೆ. ಎರಡು ಸಲ ಅರಣ್ಯ ಇಲಾಖೆಯವರ ಕಣ್ಣಿಗೆ ಬಿದ್ದ. ಎರಡು ಸಲವೂ ವೆನೆರಾ, "ಅವರೇ ತಪ್ಪಿಸ್ಕೊಂಡು ಹೋಗಿದ್ರು ಸಾಹೇಬ್ರೇ, ಅಪ್ಪ ಹುಡುಕಿ ಕರ್ಕೊಂಡು ಬಂದ" ಎಂದು ಹೇಳಿ ರುಜು ಹಾಕಿದಳು. ಎರಡು ಸಲವೂ ಚಿರಿನೊ ಕಾಫಿ ಅಂಗಡಿಯಲ್ಲಿ ಇನ್ನಷ್ಟು ದೊಡ್ಡವನಾದ. ಮೂರನೆಯ ಸಲ ಯಾರದಾದರೂ ಹೆಣ ಇಳಿಸಬೇಕಾಗುತ್ತದೆ ಎಂಬ ಹೆದರಿಕೆ ಅವಳ ಜೊತೆಗೇ ಮಲಗಿ ಜೊತೆಗೇ ಏಳುತ್ತಿತ್ತು.

ಜೂನ್ ತಿಂಗಳ ಒಂದು ಮಂಗಳವಾರ ಗುಂಪಿನಲ್ಲಿ ಹನ್ನೊಂದು ಜನ. ಅವರಲ್ಲಿ ಯೋರಿಸ್ ಮತ್ತು ಫೆಮ್ಕೆ ಎಂಬ ಡಚ್ ದಂಪತಿ. ಹಿಂದಿನ ಸಂಜೆಯಿಂದ ಬೆಟ್ಟದ ಸದ್ದು ಜೋರಾಗಿತ್ತು, ಗೂಟಗಳನ್ನು ಇನ್ನೂರು ಮೀಟರ್ ಕೆಳಕ್ಕೆ ತಂದು ನೆಟ್ಟಿದ್ದರು. ಗೂಟದ ಹತ್ತಿರ ವೆನೆರಾ ನಿಂತದ್ದೇ ಯೋರಿಸ್ ರಾಗ ತೆಗೆದ.

"ಇಷ್ಟೇನಾ? ಬೂದಿ ಗುಡ್ಡೆ ನೋಡೋಕೆ ಆಮ್‌ಸ್ಟರ್‌ಡ್ಯಾಮ್‌ನಿಂದ ಬಂದ್ವಾ ನಾವು?"

"ಬೂದಿ ಗುಡ್ಡೆ ನೋಡಿ ಆಮ್‌ಸ್ಟರ್‌ಡ್ಯಾಮಿಗೆ ವಾಪಸ್ ಹೋಗ್ತೀರಲ್ಲ, ಅದಕ್ಕೆ ಸಂತೋಷಪಡಿ" ಎಂದಳು ವೆನೆರಾ. ಉಳಿದವರು ನಕ್ಕರು. ಅವನು ನಗಲಿಲ್ಲ.

ತಣ್ಣಗಾದ ಹಳೆಯ ಬಾಯೊಂದರ ಮರೆಯಲ್ಲಿ, ಗಾಳಿ ತಾಗದ ಕಡೆ, ಎಲ್ಲರೂ ರೊಟ್ಟಿ ಬಿಚ್ಚಿ ಕೂತರು. ಕಾಲು ಉಳುಕಿದ ಒಬ್ಬಳಿಗೆ ಪಟ್ಟಿ ಸುತ್ತುವಷ್ಟು ಹೊತ್ತು ವೆನೆರಾ ಬೆನ್ನು ತಿರುಗಿಸಿದ್ದಳು. ಎದ್ದು ಚೀಲಗಳನ್ನು ಕೋಲಿನಿಂದ ಮುಟ್ಟುತ್ತ ಬಂದರೆ ಎಣಿಕೆ ಒಂಬತ್ತಕ್ಕೆ ನಿಂತಿತು. ಮತ್ತೆ ಎಣಿಸಿದಳು. ಒಂಬತ್ತೇ.

"ಆ ಡಚ್ಚರು ಒಬ್ಬ ತಾತನ ಜೊತೆ ಮೇಲೆ ಹೋದ್ರು" ಎಂದಳು ಕಾಲು ಉಳುಕಿದವಳು. "ಕೆಂಪು ಟೋಪಿ ಹಾಕಿದ್ರು. ನಿಮ್ಮ ತಂದೆ ಅಂದ್ರು. ನೀವೇ ಕಳಿಸಿದ್ದೀರಿ ಅಂದ್ಕೊಂಡೆ."

ವೆನೆರಾ ವಾಕಿಟಾಕಿಯಲ್ಲಿ ಜೀಪಿನ ಸಾರೊನನ್ನು ಕರೆದಳು. ಅವನು ಅವಳ ಚಿಕ್ಕಮ್ಮನ ಮಗ, ಜೀಪು ದಾರಿ ಅಲ್ಲಿಂದ ಕೂಗಳತೆಯಲ್ಲೇ ಇತ್ತು. ಅವನು ಏದುತ್ತ ಬಂದು ಒಂಬತ್ತು ಜನರ ಹೊಣೆ ತೆಗೆದುಕೊಂಡ.

"ದೊಡ್ಡಪ್ಪ ಅಲ್ವಾ ಅಕ್ಕ, ಏನೂ ಆಗಲ್ಲ. ಅವನಿಗೆ ಅವಳ ಉಸಿರು ಉಸಿರೂ ಗೊತ್ತು" ಎಂದ.

"ಬಾಯಿ ಮುಚ್ಕೊಂಡು ಇವರನ್ನ ಕೆಳಗೆ ಇಳಿಸು" ಎಂದು ವೆನೆರಾ ಗೂಟ ದಾಟಿದಳು. ಹತ್ತೊಂಬತ್ತು ವರ್ಷದಲ್ಲಿ ಮೊದಲನೆಯ ಸಲ.

ಕಾಲಿಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುವ ಕರಿ ಮರಳು. ಗಂಧಕದ ಹೊಗೆಗೆ ಗಂಟಲು ಉರಿಯುತ್ತಿತ್ತು. ಅವಳು ಹತ್ತುತ್ತ ಬೈಯುತ್ತಿದ್ದಳು, ಬೈಯುತ್ತ ಹತ್ತುತ್ತಿದ್ದಳು. ಅಪ್ಪನನ್ನು ಬೈದಳು, ಅವನಿಗೆ ಕುರ್ಚಿ ಬಿಟ್ಟುಕೊಡುವವರನ್ನು ಬೈದಳು, ಎರಡು ಸಲ ಸುಳ್ಳು ಹೇಳಿದ ತನ್ನ ನಾಲಿಗೆಯನ್ನು ಎಲ್ಲಕ್ಕಿಂತ ಹೆಚ್ಚು ಬೈದಳು.

ಬೆಟ್ಟದ ಬಾಯಿಯ ಅಂಚಿನಿಂದ ಐವತ್ತು ಹೆಜ್ಜೆ ಈಚೆಗೆ ಮೂವರೂ ನಿಂತಿದ್ದರು, ಚರ್ಚಿನಲ್ಲಿ ನಿಂತ ಹಾಗೆ, ಬರಿದಲೆಯಲ್ಲಿ. ಚಿರಿನೊ ಸೀಸೆಯಿಂದ ನೆಲಕ್ಕೆ ವೈನ್ ಸುರಿಯುತ್ತಿದ್ದ. ಡಚ್ ದಂಪತಿಯ ಹೆಲ್ಮೆಟ್ಟುಗಳು ಅವರ ಕಾಲ ಬಳಿ ಬೂದಿಯಲ್ಲಿ ಬಿದ್ದಿದ್ದವು.

"ಹೆಲ್ಮೆಟ್ ಹಾಕ್ರೀ!" ವೆನೆರಾ ಕಿರುಚಿದಳು.

ಚಿರಿನೊ ತಿರುಗಿ ನೋಡಿ ಮುಖ ಅರಳಿಸಿದ. "ಬಂದ್ಯಾ ಮಗಳೇ? ಕೂಗಬೇಡ. ನಾನೇ ತೆಗೆಸಿದ್ದು. ಅವಳ ಮುಂದೆ ತಲೆ ಮುಚ್ಕೊಂಡು ನಿಂತರೆ ಮರ್ಯಾದೆಯಾ?"

ಅಷ್ಟರಲ್ಲೇ ಕಾಲ ಕೆಳಗಿನ ನೆಲ ಒಮ್ಮೆ ಎದೆಯಂತೆ ಉಬ್ಬಿತು, ಆಮೇಲೆ ಸದ್ದು ಬಂತು. ಕಲ್ಲುಗಳು ಆಕಾಶಕ್ಕೆ ಎದ್ದವು.

"ಓಡಬೇಡಿ! ಮೇಲೆ ನೋಡಿ! ಕಲ್ಲು ನೋಡ್ಕೊಂಡು ಸರೀರಿ!"

ಇದನ್ನು ಅವಳು ದಿನಾ ಬೆಳಗ್ಗೆ ಬಸ್ಸಿನಲ್ಲಿ ಮೂರು ಸಲ ಹೇಳುತ್ತಿದ್ದಳು. ಯೋರಿಸ್ ನಿಂತಲ್ಲೇ ಕಲ್ಲಾದ. ಫೆಮ್ಕೆ ತಲೆ ತಗ್ಗಿಸಿ ಓಡಿದಳು. ತೆಂಗಿನಕಾಯಿ ಗಾತ್ರದ ಕಲ್ಲೊಂದು ಅವಳ ಭುಜಕ್ಕೆ ಬಡಿಯಿತು. ಒಂದು ಗೇಣು ಆಚೆ ಬಿದ್ದಿದ್ದರೆ ತಲೆಯೇ. ವೆನೆರಾ ಅವಳ ಮೇಲೆ ಬಾಗಿ ತನ್ನ ಹೆಲ್ಮೆಟ್ಟನ್ನು ಅವಳ ತಲೆಗೆ ತುರುಕಿ, ಹೊಗೆಯಾಡುವ ಜಾಕೆಟ್ಟನ್ನು ಬರಿಗೈಯಲ್ಲೇ ಬಡಿದು ಆರಿಸಿದಳು. ಯೋರಿಸನ ಕಾಲರ್ ಹಿಡಿದು ಎಳೆದಳು. ಇಳಿಯುವಷ್ಟು ಹೊತ್ತೂ ಫೆಮ್ಕೆಯ ಕೈ ಬಟ್ಟೆಯಂತೆ ನೇತಾಡುತ್ತಿತ್ತು.

ಗೂಟದ ಈಚೆಗೆ ಬಂದು ಕೂತಾಗ, ಹಿಂದೆಯೇ ಇಳಿದಿದ್ದ ಚಿರಿನೊ ಹತ್ತಿರ ಬಂದು ಫೆಮ್ಕೆಯ ಕೆನ್ನೆ ಸವರಿದ. "ಹೆದರಬೇಡ ಕಂದಾ. ಅವಳು ಸುಮ್ನೆ ತಟ್ಟಿದ್ದು. ಇಷ್ಟವಾದವರನ್ನ ಮಾತ್ರ ತಟ್ಟುತ್ತಾಳೆ."

ನೋವಿನಲ್ಲಿ ಬಿಳಿಚಿಕೊಂಡಿದ್ದ ಫೆಮ್ಕೆ ಆ ಮಾತಿಗೆ ನಕ್ಕಳು! ಆ ನಗು ನೋಡಿ ವೆನೆರಾಗೆ ಮೈಯೆಲ್ಲ ಉರಿದುಹೋಯಿತು. ಮೂಳೆ ಮುರಿಸಿಕೊಂಡವಳೂ ಈ ಮುದುಕನಿಗೆ ಮರುಳಾದಳಲ್ಲ, ಇನ್ನು ಇವನಿಗೆ ಬುದ್ಧಿ ಹೇಳುವವರು ಯಾರು?

ಫೆಮ್ಕೆಯನ್ನು ಆಂಬ್ಯುಲೆನ್ಸಿನಲ್ಲಿ ಕಳಿಸಿಯಾಯಿತು, ಹೇಳಿಕೆಗೆಂದು ಯೋರಿಸನನ್ನು ಉಳಿಸಿಕೊಂಡರು. ಕೇಬಲ್ ಕಾರ್ ಪಕ್ಕದ ಚೌಕಿಯಲ್ಲಿ ಅರಣ್ಯ ಇಲಾಖೆಯ ಬ್ರಾಂಕಾಟೊ ಹೇಳಿಕೆ ಬರೆದುಕೊಳ್ಳಲು ಕೂತ. ಸಜ್ಜನ. ಅವನನ್ನು ಮೊದಲ ಸಲ ಬೆಟ್ಟ ಹತ್ತಿಸಿದವನೂ ಚಿರಿನೊನೇ. ಅವನು ಪೆನ್ನಿನ ಮುಚ್ಚಳ ತೆಗೆಯುವ ಮೊದಲೇ ಸಾರೊ ಶುರು ಮಾಡಿದ. "ಅವರಿಬ್ಬರೂ ಊಟದ ಹೊತ್ತಲ್ಲಿ ಕಣ್ತಪ್ಪಿಸಿ ಹೋಗಿಬಿಟ್ರು. ದೊಡ್ಡಪ್ಪ ದೂರದಿಂದ ನೋಡಿದ. ಪಾಪ, ಈ ವಯಸ್ಸಲ್ಲಿ ಓಡಿಹೋಗಿ ಉಳಿಸಿದ."

ಬ್ರಾಂಕಾಟೊ ಯೋರಿಸನ ಮುಖ ನೋಡಿದ.

"ಹೌದು. ತಪ್ಪು ನಮ್ಮದೇ. ಅವರಿಲ್ಲದಿದ್ದರೆ ನಾವು ಸತ್ತಿರ್ತಿದ್ವಿ" ಎಂದ ಯೋರಿಸ್, ಮುದುಕನ ಕಡೆ ಕೈ ತೋರಿಸಿ. ಅವನ ಕಣ್ಣಲ್ಲಿ ನೀರಿತ್ತು.

ಚಿರಿನೊ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು, ಬೇರೆ ಯಾರದೋ ವಿಷಯ ಎನ್ನುವಂತೆ ಕಿಟಕಿಯಾಚೆ ನೋಡುತ್ತ ಕೂತಿದ್ದ. ಮಗಳು ಏನು ಹೇಳುತ್ತಾಳೆ ಎಂಬ ಬಗ್ಗೆ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

"ಹಾಗೇ ಬರ್ಕೊಳ್ಳಲಾ ವೆನೆರಾ?" ಬ್ರಾಂಕಾಟೊ ಆಗಲೇ ಪೆನ್ನು ಹಾಳೆಗೆ ತಾಗಿಸಿದ್ದ. "ಯಾರಿಗೂ ತೊಂದರೆ ಇಲ್ಲ."

ನಿಜವೇ. ಯಾರಿಗೂ ತೊಂದರೆ ಇರಲಿಲ್ಲ. ಸುಳ್ಳು ಎಷ್ಟು ನುಣ್ಣಗೆ, ಎಷ್ಟು ತಯಾರಾಗಿ ಮೇಜಿನ ಮೇಲೆ ಕೂತಿತ್ತೆಂದರೆ ಅವಳು ಬರೀ ತಲೆಯಾಡಿಸಿದರೆ ಸಾಕಿತ್ತು. ಅವಳನ್ನು ತಡೆದದ್ದು ಫೆಮ್ಕೆಯ ಭುಜದ ಮೂಳೆ ಕಟಕ್ಕೆಂದ ಸದ್ದು. ಅದನ್ನು ಅವಳು ಕಿವಿಯಾರೆ ಕೇಳಿದ್ದಳು.

"ಬೇಡ" ಎಂದಳು. "ಅಪ್ಪ ಕರ್ಕೊಂಡು ಹೋದ. ಗೂಟ ದಾಟಿಸಿ ಕರ್ಕೊಂಡು ಹೋದ. ಹೆಲ್ಮೆಟ್ ತೆಗೆಸಿದ. ಹಾಗೇ ಬರೀರಿ."

ಸಾರೊ "ಅಕ್ಕಾ!" ಎಂದ. ಚಿರಿನೊ ಕಿಟಕಿಯಿಂದ ಮುಖ ತಿರುಗಿಸಿದ.

"ಇದು ಮೂರನೇ ಸಲ" ಎಂದಳು ವೆನೆರಾ. "ಹಿಂದಿನ ಎರಡು ಸಲ ನಾನು ನಿಮ್ಮ ಮುಂದೆ ಸುಳ್ಳು ಹೇಳಿ ರುಜು ಹಾಕಿದ್ದೀನಿ. ಅದನ್ನೂ ಬರೀರಿ."

ಬ್ರಾಂಕಾಟೊ ಪೆನ್ನು ಕೆಳಗಿಟ್ಟ. "ನೋಡಮ್ಮ, ಇವತ್ತಿನದು ಬರೀತೀನಿ. ಆಗಲಿ. ಇವನಿಗೆ ಇನ್ನು ಬೆಟ್ಟಕ್ಕೆ ಕಾಲಿಡೋಕಾಗಲ್ಲ, ಅಷ್ಟೇ. ಹಳೇದು ಬರೆದರೆ ನಿನ್ನ ಪುಸ್ತಕವೇ ಹೋಗತ್ತೆ. ಸುಳ್ಳು ಹೇಳಿಕೆ ಅದು. ಊಟಕ್ಕೇನು ಮಾಡ್ತೀಯಾ?"

"ಬರೀರಿ."

ಆಗ ಎದ್ದವನು ಚಿರಿನೊ. ತನ್ನ ಹೆಸರು ಬರೆದಾಗ ಏಳದ ಮನುಷ್ಯ, ಟೋಪಿ ನೆಲಕ್ಕೆ ಬಿದ್ದದ್ದೂ ತಿಳಿಯದೆ ಎದ್ದ. "ತಲೆ ಕೆಟ್ಟಿದೆಯೇನೇ ನಿನಗೆ? ನನ್ನ ಹೆಸರು ಹೇಳಿದೆ, ಹೇಳ್ಕೋ. ನಿನ್ನ ಪುಸ್ತಕ ಯಾಕೆ ಕೊಡ್ತೀಯಾ? ಏನು ತಪ್ಪು ಮಾಡಿದ್ದೀಯ ನೀನು?"

"ನಿನ್ನ ಉಳಿಸಿದೆ. ಎರಡು ಸಲ."

"ಮಗಳಾದವಳು ಉಳಿಸದೇ ಇನ್ನೇನು ಮಾಡ್ತಾಳೆ!"

"ಮೊದಲನೇ ಸಲವೇ ಹೇಳಿದ್ದಿದ್ರೆ ಆ ಹೆಂಗಸಿನ ಕೈ ಇವತ್ತು ಸರಿಯಾಗಿರ್ತಿತ್ತು" ಎಂದು ವೆನೆರಾ ಜೇಬಿನಿಂದ ನೀಲಿ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. ಕಲ್ಲಿನ ಬಿಸಿಗೆ ಬೊಬ್ಬೆ ಎದ್ದ ಅಂಗೈಯಲ್ಲೇ ರುಜು ಹಾಕಿದಳು.

ಹೊರಗೆ ಜೀಪಿನಲ್ಲಿ ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತರು. ಸಾರೊ ಕನ್ನಡಿಯಲ್ಲಿ ಕೂಡ ಅವಳ ಮುಖ ನೋಡಲಿಲ್ಲ. ನಾಳೆಯಿಂದ ಊರಲ್ಲಿ ಬಹಳ ಜನ ನೋಡುವುದಿಲ್ಲ, ಅದು ಅವಳಿಗೆ ಗೊತ್ತಿತ್ತು. ಅವಳ ಕೋಪ ಒಂದು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಮೂರನೆಯ ತಿರುವು ದಾಟಿದ ಮೇಲೆ ಚಿರಿನೊ ಬಾಯಿ ಬಿಟ್ಟ. ದನಿಯಲ್ಲಿ ಜಂಬ ಇರಲಿಲ್ಲ. ಎಪ್ಪತ್ತಾರು ವರ್ಷದ ಮುದುಕನ ದನಿ ಅದು, ಅವಳು ಅದನ್ನು ಹಿಂದೆ ಕೇಳಿರಲಿಲ್ಲ.

"ನಾನೂ ಇಲ್ಲ. ನೀನೂ ಇಲ್ಲ. ಇನ್ನು ಜನರನ್ನ ಅವಳ ಹತ್ತಿರ ಯಾರು ಕರ್ಕೊಂಡು ಹೋಗ್ತಾರೆ?"

"ಅವಳಿಗೆ ಹೆದರೋರು" ಎಂದಳು ವೆನೆರಾ.